ಪೋಸ್ಟಿಂಗ್ ಬಂದಾಗ ಮೊದಲು ಶಾಲೆ, ಆಮೇಲೆ ಟ್ರಂಕ್

ಪೋಸ್ಟಿಂಗ್ ಆರ್ಡರ್ ಬಂದ ಸಂಜೆಯೇ ಬೆಳಗಾವಿ ಕ್ಯಾಂಪಿನ ಸೈನಿಕರ ಮನೆಗಳಲ್ಲಿ ಕಪ್ಪು ಟ್ರಂಕುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಸಾಮಾನು ಎರಡು ದಿನದಲ್ಲಿ ಕಟ್ಟಬಹುದು, ಮಕ್ಕಳ ಶಾಲೆಯ ಕಾಗದಪತ್ರಕ್ಕೆ ವಾರಗಳೇ ಬೇಕು. ಅದರಿಂದಲೇ ಶುರು ಮಾಡಿ.

ಒಂದು ಕೇಂದ್ರೀಯ ವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವ ಮಗುವಿಗೆ ತಾಪತ್ರಯ ಕಡಿಮೆ. ರಾಜ್ಯ ಪಠ್ಯಕ್ರಮದ ಶಾಲೆ ಬಿಟ್ಟು ಹೊರರಾಜ್ಯಕ್ಕೆ ಹೊರಟರೆ ಟಿಸಿಗೆ (ವರ್ಗಾವಣೆ ಪತ್ರಕ್ಕೆ) ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಅವರ ಮೇಲುರುಜು ಮಾಡಿಸಿಕೊಳ್ಳಿ. ಪಠಾಣಕೋಟೆ ಮುಟ್ಟಿದ ಮೇಲೆ ಒಂದು ಸಹಿಗಾಗಿ ಬೈಲಹೊಂಗಲಕ್ಕೆ ಬರಲಾಗದು. ಮಗುವಿನ ಪೆನ್ ಸಂಖ್ಯೆ (ವಿದ್ಯಾರ್ಥಿಯ ಶಾಶ್ವತ ಶಿಕ್ಷಣ ಸಂಖ್ಯೆ) ಬರೆದುಕೊಳ್ಳಿ. ಹಳೆಯ ಶಾಲೆಯವರು ಶಾಲಾ ಮಕ್ಕಳ ದಾಖಲೆಯಿರುವ ಸರ್ಕಾರಿ ಯುಡೈಸ್ ಪೋರ್ಟಲ್‌ನಲ್ಲಿ ಮಗುವನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯವರು ಸೇರಿಸಿಕೊಳ್ಳುವಾಗ ದಾಖಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಶಾಲೆಯಲ್ಲಿ ಮಗನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಅಡ್ಡಹೆಸರು ಬಿಟ್ಟುಹೋಗಿರುತ್ತದೆ, ಕುಟುಂಬದ ವಿವರ ದಾಖಲಾಗುವ ಸೇನೆಯ ಪಾರ್ಟ್ ಟು ಆರ್ಡರ್‌ನಲ್ಲಿ ಸ್ಪೆಲಿಂಗ್ ಬೇರೆ. ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ವ್ಯತ್ಯಾಸವಿದ್ದರೆ ಹೊರಡುವ ಮೊದಲೇ ಯುನಿಟ್ ಕ್ಲರ್ಕ್‌ಗೆ ತೋರಿಸಿ.

ಸಿಬಿಎಸ್‌ಇ ಹತ್ತನೆಯ ಪರೀಕ್ಷೆಯ ನೋಂದಣಿ ಒಂಬತ್ತರಲ್ಲೇ ಆಗುತ್ತದೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಹೊಸ್ತಿಲಲ್ಲಿರುವ ಮಗುವನ್ನು ನಡುವೆ ಎಬ್ಬಿಸಿಕೊಂಡು ಹೋಗಲೇಬೇಡಿ ಎಂಬುದು ನಮ್ಮ ಖಚಿತ ಸಲಹೆ. ಶಿಕ್ಷಣದ ಕಾರಣಕ್ಕೆ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಯುನಿಟ್ ಮೂಲಕ ಅರ್ಜಿ ಹಾಕಬಹುದು. ಒಂದು ವರ್ಷ ತಾಯಿ ಮಕ್ಕಳು ಇಲ್ಲೇ ಇರಲಿ.

ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಬಿಟ್ಟುಕೊಟ್ಟ ಚೀಟಿ) ಪಡೆಯಿರಿ. ರೈಲಿನಲ್ಲಿ ಬೈಕ್ ಹಾಕುವುದಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ವಿಮೆಯ ನಕಲು ಕೈಯಲ್ಲಿರಲಿ.

ಫ್ರಿಜ್ ಅನ್ನು ಹಿಂದಿನ ದಿನವೇ ಬಂದ್ ಮಾಡಿ ಒರೆಸಿ, ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರ್ ಎಣ್ಣೆ ಕೊಳವೆಗೆ ಹರಿಯುತ್ತದೆ. ಮಲಗಿಸಿದ್ದನ್ನು ತಕ್ಷಣ ಚಾಲೂ ಮಾಡಿದರೆ ಕಂಪ್ರೆಸರ್ ಕೆಡಬಹುದು. ಮುಂದುಗಡೆ ಬಾಗಿಲಿರುವ (ಫ್ರಂಟ್ ಲೋಡ್) ವಾಷಿಂಗ್ ಮಷಿನ್‌ಗೆ ಖರೀದಿಯಲ್ಲಿ ಬಂದ, ಡ್ರಮ್ ಅಲುಗದಂತೆ ಹಿಡಿಯುವ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಮತ್ತೆ ಹಾಕಬೇಕು. ಅವಿಲ್ಲದೆ ಲಾರಿ ಕುಲುಕಿದರೆ ಡ್ರಮ್ಮಿನ ಸಸ್ಪೆನ್ಷನ್ ಹೋಗುತ್ತದೆ. ಜೂನ್, ಜುಲೈನಲ್ಲಿ ಹೊರಡುವವರು ಬಟ್ಟೆಬರೆಯನ್ನು ರಟ್ಟಿನ ಡಬ್ಬಿಯಲ್ಲಿ ತುಂಬಬೇಡಿ. ನಮ್ಮ ಮಳೆಯಲ್ಲಿ ರಟ್ಟು ಮೆತ್ತಗಾಗಿ ತಳ ಬಿಡುತ್ತದೆ. ಹನ್ನೆರಡು ಟ್ರಂಕುಗಳಿದ್ದರೆ ಮೇಲೆ 1/12, 2/12 ಎಂದು ಬಣ್ಣದಲ್ಲಿ ಬರೆಯಿರಿ. ಸಾಮಾನಿನ ಪಟ್ಟಿ ಮುಚ್ಚಳದ ಒಳಗೊಂದು, ನೋಟುಬುಕ್ಕಿನಲ್ಲೊಂದು. ಟಿಸಿ, ತಾಯಿ ಕಾರ್ಡ್, ಡಿಪೆಂಡೆಂಟ್ ಕಾರ್ಡ್ (ಸೈನಿಕರ ಕುಟುಂಬದ ಗುರುತಿನ ಚೀಟಿ), ಕ್ಯಾಂಟೀನ್ ಕಾರ್ಡ್ ಲಾರಿ ಹತ್ತಬಾರದು, ಹೆಗಲಿನ ಚೀಲದಲ್ಲೇ ಇರಬೇಕು.

ಒಂದನೆಯ ಟ್ರಂಕಿನಲ್ಲಿ ಒಲೆ, ಕುಕ್ಕರ್, ಹಾಸಿಗೆ ಹೊದಿಕೆ ಇಡಿ. ಜೋಳದ ಹಿಟ್ಟು ಹದಿನೈದು ದಿನಕ್ಕಾಗುವಷ್ಟು ಸಾಕು. ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಉಳಿದದ್ದು ಕಾಳಾಗಿಯೇ ಹೋಗಲಿ, ಆದರೆ ಅಲ್ಲಿನ ಗಿರಣಿಯಲ್ಲಿ ಜೋಳ ಬೀಸಿಕೊಡುತ್ತಾರೆಯೇ ಎಂದು ಈಗಾಗಲೇ ಅಲ್ಲಿರುವ ನಮ್ಮ ಕಡೆಯವರನ್ನು ಕೇಳಿಕೊಂಡೇ ಚೀಲ ಕಟ್ಟಿ.