ಎಲೆಕ್ಟಿವ್ ಆರಿಸುವ ಮೊದಲು ಒಂದು ದರ ಆದೇಶ ಓದಿ

ಕಾನೂನು ಓದುತ್ತಿರುವವರು ಪ್ರತಿ ವರ್ಷ ನನ್ನ ಹತ್ತಿರ ಒಂದೇ ಪ್ರಶ್ನೆ ತರುತ್ತಾರೆ. "ಮೇಡಂ, ಆರ್ಥಿಕ ನಿಯಂತ್ರಣದ ಕಡೆ ಹೋಗಬೇಕು ಅಂತಿದ್ದೀನಿ. ಟೆಲಿಕಾಂ ತಗೊಳ್ಳಲಾ, ವಿದ್ಯುತ್ ತಗೊಳ್ಳಲಾ?" ನಾನು ತಿರುಗಿ ಕೇಳುವುದು ಇಷ್ಟೇ: ಆಡಳಿತ ಕಾನೂನು ಓದಿದ್ದೀರಾ?

ಕ್ಷೇತ್ರ ಯಾವುದೇ ಇರಲಿ, ಜಗಳ ಮಾತ್ರ ಅದೇ. ಆ ಕ್ಷೇತ್ರದ ನಿಯಂತ್ರಣ ಆಯೋಗ ದರ ಕಟ್ಟುತ್ತದೆ ಅಥವಾ ಪರವಾನಗಿ ಕೊಡುತ್ತದೆ. ಯಾರೋ ಒಬ್ಬರು ಅದು ತಪ್ಪು ಅನ್ನುತ್ತಾರೆ. ಆಯೋಗಕ್ಕೆ ಆ ಅಧಿಕಾರ ಇತ್ತಾ? ಎದುರಿನವರ ಮಾತು ಕೇಳಿತಾ? ಕಾರಣ ಬರೆದಿದೆಯಾ? ಕೋರ್ಟು ಎಷ್ಟರ ಮಟ್ಟಿಗೆ ಕೈ ಹಾಕಬಹುದು? ಇವೆಲ್ಲ ಆಡಳಿತ ಕಾನೂನಿನ ಪ್ರಶ್ನೆಗಳು. ಅಮೆರಿಕದಲ್ಲಿ 1984ರ ಶೆವ್ರಾನ್ ತೀರ್ಪಿನ ನಂತರ, ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದರೆ ಸರ್ಕಾರಿ ಸಂಸ್ಥೆ ಹೇಳಿದ ಸಮಂಜಸ ಅರ್ಥವನ್ನೇ ಕೋರ್ಟುಗಳು ಒಪ್ಪಬೇಕಿತ್ತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದನ್ನು ತಳ್ಳಿಹಾಕಿತು. ಟೆಲಿಕಾಂ, ವಿದ್ಯುತ್, ಪರಿಸರ, ಎಲ್ಲ ಕಡೆಯ ವಾದಗಳಿಗೂ ಇದರ ಬಿಸಿ ತಟ್ಟಿತು.

ಬರೀ ಒಂದು ಕ್ಷೇತ್ರದ ನಿಯಮ ಕಲಿತರೆ ಇನ್ನೊಂದು ತೊಂದರೆಯೂ ಇದೆ. ಅಮೆರಿಕದಲ್ಲಿ ವಿಮಾನದ ಟಿಕೆಟ್ ದರಗಳನ್ನು ಒಂದು ಸರ್ಕಾರಿ ಮಂಡಳಿ ನಿಯಂತ್ರಿಸುತ್ತಿತ್ತು. 1978ರ ಕಾಯ್ದೆ ಆ ನಿಯಂತ್ರಣವನ್ನು ಸಡಿಲಿಸಿತು. 1985ಕ್ಕೆ ಮಂಡಳಿಯೇ ಮುಚ್ಚಿತು. ಅದರ ನಿಯಮಗಳನ್ನು ಬಾಯಿಪಾಠ ಮಾಡಿದವರ ಕೈಲಿ ಏನು ಉಳಿದಿರಬಹುದು, ಯೋಚಿಸಿ.

ಎರಡನೆಯದು ಲೆಕ್ಕ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಮೊದಲ ದರದ ಕೇಸಿನಲ್ಲಿ ಕಾಯ್ದೆಯ ಕಲಮುಗಳೆಲ್ಲ ನನಗೆ ನಾಲಿಗೆ ತುದಿಯಲ್ಲಿದ್ದವು. ಆದರೆ ಆಯೋಗದ ಸದಸ್ಯರು ಕೇಳಿದ್ದು ಸವಕಳಿ ಬಗ್ಗೆ, ಅಂದರೆ ಆಸ್ತಿಯ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಹಂಚಿ ಖರ್ಚಿಗೆ ಹಾಕುವುದರ ಬಗ್ಗೆ. ನಾನು ಸುಮ್ನೆ ನಿಂತುಬಿಟ್ಟೆ.

ಆ ಲೆಕ್ಕ ನಿಜಕ್ಕೂ ಕಷ್ಟದ್ದಲ್ಲ. ಕಂಪನಿ ವರ್ಷಕ್ಕೆ ಎಷ್ಟು ವಸೂಲಿ ಮಾಡಬಹುದು ಅನ್ನುವುದು ಮುಖ್ಯವಾಗಿ ಮೂರು ಸಾಲಿನ ಮೊತ್ತ: ನಡೆಸುವ ಖರ್ಚು, ಸವಕಳಿ, ಹಾಕಿದ ಬಂಡವಾಳದ ಮೇಲಿನ ಪ್ರತಿಫಲ. 1,000 ಕೋಟಿಯ ಒಂದು ಸ್ಥಾವರ 25 ವರ್ಷ ಬಾಳುತ್ತದೆ ಅಂದರೆ ಸವಕಳಿ ವರ್ಷಕ್ಕೆ 40 ಕೋಟಿ. 40 ವರ್ಷ ಬಾಳುತ್ತದೆ ಅಂದರೆ 25 ಕೋಟಿ. ಒಂದೇ ಒಂದು ಅಂದಾಜು ಬದಲಾದರೆ ಗ್ರಾಹಕರ ಬಿಲ್ಲಿನ ಮೇಲೆ ವರ್ಷಕ್ಕೆ 15 ಕೋಟಿ ವ್ಯತ್ಯಾಸ! ಆ ಅಂದಾಜು ಇರುವುದು ದರ ಆದೇಶದ, ಅಂದರೆ ಆಯೋಗ ದರ ಕಟ್ಟಿ ಹೊರಡಿಸುವ ಆದೇಶದ, ಅನುಬಂಧದ ಯಾವುದೋ ಪುಟದಲ್ಲಿ. ಅಲ್ಲಿಗೆ ಹೋಗಿ ಓದುವ ವಕೀಲರು ಕಡಿಮೆ. ಗ್ರಾಹಕರ ಪರ ನಿಲ್ಲುವವರಲ್ಲಂತೂ ಇನ್ನೂ ಕಡಿಮೆ. ಆದ್ದರಿಂದ ಅಂಕ ಸ್ವಲ್ಪ ಕಡಿಮೆ ಬಂದರೂ ಚಿಂತೆಯಿಲ್ಲ, ಲೆಕ್ಕಪತ್ರದ ಒಂದು ಕೋರ್ಸ್ ತಗೊಳ್ಳಿ.

ನಿಯಂತ್ರಣದ ಕೋರ್ಸಿನಲ್ಲಿ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ಕಲಿಸುತ್ತಾರಾ ನೋಡಿ. ಒಂದು, ಮೇಲೆ ಹೇಳಿದ್ದು: ಖರ್ಚಿನ ಜೊತೆ ಪ್ರತಿಫಲ ಸೇರಿಸುವುದು. ಇದರಲ್ಲಿ ಬೇಡದ ಕಡೆಯೂ ಬಂಡವಾಳ ಸುರಿಯುವ ಆಸೆ ಕಂಪನಿಗೆ ಹುಟ್ಟುತ್ತದೆ. ಇನ್ನೊಂದು, 1983ರಲ್ಲಿ ಬ್ರಿಟನ್ನಿನ ಟೆಲಿಕಾಂಗಾಗಿ ಅರ್ಥಶಾಸ್ತ್ರಜ್ಞ ಸ್ಟೀಫನ್ ಲಿಟಲ್‌ಚೈಲ್ಡ್ ಸೂಚಿಸಿದ್ದು: ಹಣದುಬ್ಬರದಿಂದ ಒಂದಿಷ್ಟು ಕಳೆದು, ಅಷ್ಟಕ್ಕೇ ದರ ಏರಿಕೆಯ ಮಿತಿ ಹಾಕುವುದು. ಇಲ್ಲಿ ಉಳಿಸಿದ ಖರ್ಚು ಕಂಪನಿಗೇ ಲಾಭ. ಆದರೆ ಸೇವೆಯನ್ನೇ ಕಡಿತ ಮಾಡಿ ಉಳಿಸಿದರೆ? ಅದಕ್ಕೇ ಗುಣಮಟ್ಟದ ನಿಯಮಗಳೂ ಜೊತೆಗೆ ಬೇಕಾಗುತ್ತವೆ. ಇಷ್ಟು ಗಟ್ಟಿಯಾದರೆ ನೀರು, ರೈಲು, ಬಂದರು ಯಾವುದಕ್ಕೆ ಬೇಕಾದರೂ ಕೈ ಹಾಕಬಹುದು.

ಸ್ಪರ್ಧಾ ಕಾನೂನನ್ನೂ, ಅಂದರೆ ಕಂಪನಿಗಳು ಪೈಪೋಟಿಯನ್ನು ಹಾಳುಮಾಡದಂತೆ ತಡೆಯುವ ಕಾನೂನನ್ನೂ, ತಗೊಳ್ಳಿ. ಕಂಪನಿಗಳ ವಿಲೀನ ಬಿಟ್ಟರೆ ಅದು ಬಹುಪಾಲು ತಪ್ಪು ನಡೆದ ಮೇಲೆ ಬರುತ್ತದೆ, ನಿಯಂತ್ರಣ ಮೊದಲೇ ಬಂದು ಕೂತಿರುತ್ತದೆ. ಎರಡನ್ನೂ ಒಂದೇ ವರ್ಷದಲ್ಲಿ ಓದಿದರೆ ಈ ವ್ಯತ್ಯಾಸ ಚೆನ್ನಾಗಿ ತಲೆಗೆ ಹತ್ತುತ್ತದೆ.

ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ. ಓದಬೇಕಾದ ಸಾಮಗ್ರಿಯ ಪಟ್ಟಿ ಕೇಳಿ. ಅದರಲ್ಲಿ ಒಂದಾದರೂ ದರ ಆದೇಶ ಅನುಬಂಧಗಳ ಸಮೇತ ಇದ್ದರೆ ಆ ಕೋರ್ಸ್ ಬಿಡಬೇಡಿ. ಇಲ್ಲದಿದ್ದರೆ ನೀವೇ ಒಂದನ್ನು ಹುಡುಕಿಕೊಳ್ಳಿ. ಆಯೋಗಗಳು ಎಷ್ಟೋ ಸಲ ಕರಡು ನಿಯಮ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ. ವಿದ್ಯಾರ್ಥಿಯಾಗಿದ್ದಾಗಲೇ ಎರಡು ಪುಟ ಬರೆದು ಕಳಿಸಿ. ಕೊನೆಯ ಆದೇಶ ಬಂದಾಗ ನಿಮ್ಮ ಮಾತಿಗೆ ಏನು ಉತ್ತರ ಕೊಟ್ಟಿದ್ದಾರೆ, ಏನನ್ನು ಬಿಟ್ಟಿದ್ದಾರೆ ಅಂತ ಸಾಲು ಸಾಲಾಗಿ ಹುಡುಕಿ ಓದಿ.