ಟ್ಯೂಬ್ ಹಾಕುವ ಮುನ್ನ ಕೇಳುವ ಪ್ರಶ್ನೆ

ತುಮಕೂರು, ಕೋಲಾರದ ಕಡೆ ಶಸ್ತ್ರಚಿಕಿತ್ಸೆಗೆ ಮುನ್ನ ತಪಾಸಣೆಗೆ ಬರುವ ಅರಿವಳಿಕೆ ವೈದ್ಯರು ಬಿಪಿ, ಶುಗರ್ ವಿಚಾರಿಸಿದ ಮೇಲೆ ‘ನೀವು ಆರ್ಯವೈಶ್ಯರೇ?’ ಎಂದು ಕೇಳುವುದುಂಟು. ಆಸ್ಪತ್ರೆಯಲ್ಲಿ ಜಾತಿಯ ಮಾತೇಕೆ ಎಂದು ಮುನಿಸಿಕೊಳ್ಳುವವರೂ ಇದ್ದಾರೆ. ಆದರೆ ಆ ಪ್ರಶ್ನೆಯ ಗುರಿ ರಕ್ತದಲ್ಲಿರುವ ಒಂದು ಕಿಣ್ವ.

ಕುಡಿದ ನೀರಿನ ಒಂದು ಹನಿ ದಾರಿ ತಪ್ಪಿ ನೆತ್ತಿಗೇರಿದರೂ ನಾವು ಕೆಮ್ಮಿ ಕಣ್ಣೀರಾಗುತ್ತೇವೆ. ಶ್ವಾಸನಾಳದ ಬಾಗಿಲಲ್ಲಿರುವ ಧ್ವನಿತಂತುಗಳು ಅಷ್ಟು ಬಿಗಿಯಾಗಿ ಕಾವಲು ಕಾಯುತ್ತವೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಉಸಿರಾಟಕ್ಕೆಂದು ಅದೇ ಬಾಗಿಲಿನ ಮೂಲಕ ಬೆರಳಿನಷ್ಟು ದಪ್ಪದ ಟ್ಯೂಬ್ ತೂರಿಸಬೇಕಾದಾಗ ವೈದ್ಯರು ನಿದ್ದೆಯ ಔಷಧದ ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಡುತ್ತಾರೆ. 1951ರಲ್ಲಿ ಬಳಕೆಗೆ ಬಂದ, ನಮ್ಮ ವೈದ್ಯರು ‘ಸ್ಕೋಲಿನ್’ ಎಂದೇ ಕರೆಯುವ ಸಕ್ಸಿನೈಲ್‌ಕೋಲಿನ್ ಸುಮಾರು ಒಂದು ನಿಮಿಷದಲ್ಲಿ ಇಡೀ ಮೈಯನ್ನು ಸಡಿಲಗೊಳಿಸಿ, ಹತ್ತು ನಿಮಿಷದೊಳಗೆ ತನ್ನ ಹಿಡಿತ ಬಿಡುತ್ತದೆ, ಏಕೆಂದರೆ ರಕ್ತದಲ್ಲಿರುವ ಸ್ಯೂಡೋಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. ಈ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರಲ್ಲಿ ಮಾತ್ರ ಔಷಧ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ಅವರಿಗಾಗಿ ಯಂತ್ರವೇ ಉಸಿರಾಡಬೇಕು. ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚಾಗಿ ಕಾಣಿಸುತ್ತದೆ. ದಿನನಿತ್ಯದ ಬದುಕಿನಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ. ಸ್ಕೋಲಿನ್ ಮೈಗೆ ಸೇರುವ ತನಕ ಅದು ಇರುವುದೇ ಗೊತ್ತಾಗುವುದಿಲ್ಲ.

ಇಂಥವರಿಗೆ ಈ ಕಿಣ್ವವನ್ನು ಅವಲಂಬಿಸದ ಅಟ್ರಾಕ್ಯೂರಿಯಂನಂಥ ಔಷಧಗಳಿವೆ. ಆದರೂ ಸಡಿಲಿಸುವ ಔಷಧವೇ ಇಲ್ಲದೆ ಟ್ಯೂಬ್ ಹಾಕಲಾಗದೇ ಎಂಬ ಪ್ರಶ್ನೆ 1980ರ ದಶಕದ ಕೊನೆಯಲ್ಲಿ ಮತ್ತೆ ಬಲ ಪಡೆಯಿತು. ಹಾಲಿನ ಬಣ್ಣದ ಪ್ರೊಪೊಫಾಲ್ ಎಂಬ ನಿದ್ದೆಯ ಔಷಧ ಬಂದದ್ದು ಆಗಲೇ. ಹಿಂದಿನ ಥಯೊಪೆಂಟಾಲ್‌ಗಿಂತ ಇದು ಗಂಟಲಿನ ಪ್ರತಿಕ್ರಿಯೆಯನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಇದೊಂದೇ ಸಾಲದು. ಜೊತೆಗೆ ಫೆಂಟನಿಲ್ ಅಥವಾ ರೆಮಿಫೆಂಟನಿಲ್‌ನಂಥ ಪ್ರಬಲ ನೋವುನಿವಾರಕ ಬೇಕು. ಇಲ್ಲಿ ಕೌಶಲವಿರುವುದು ಗಡಿಯಾರ ನೋಡುವುದರಲ್ಲಿ. ರೆಮಿಫೆಂಟನಿಲ್ ಒಂದೆರಡು ನಿಮಿಷದಲ್ಲೇ ತನ್ನ ಪೂರ್ಣ ಬಲಕ್ಕೆ ಬರುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಫೆಂಟನಿಲ್‌ಗೆ ಮೂರರಿಂದ ಐದು ನಿಮಿಷ ಬೇಕು. ಅವಸರಪಟ್ಟು ಮೊದಲೇ, ಧ್ವನಿತಂತುಗಳನ್ನು ನೋಡುವ ಲ್ಯಾರಿಂಗೋಸ್ಕೋಪ್ ಎಂಬ ಉಪಕರಣವನ್ನು ಬಾಯಿಗಿಟ್ಟರೆ ರೋಗಿ ಕೆಮ್ಮುತ್ತಾನೆ, ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ಮಕ್ಕಳಲ್ಲಾದರೆ ಸೆವೋಫ್ಲುರೇನ್ ಅನಿಲವನ್ನು ಉಸಿರಾಡಿಸಿ, ನಿದ್ದೆ ಸಾಕಷ್ಟು ಆಳವಾದ ಮೇಲೆ ಟ್ಯೂಬ್ ಹಾಕುವುದು ಹಳೆಯ ರೂಢಿ.

ಔಷಧ ಒಂದು ಕಡಿಮೆಯಾದರೆ ಅಷ್ಟರಮಟ್ಟಿಗೆ ಒಳ್ಳೆಯದು ಎಂಬ ನಮ್ಮ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಸ್ನಾಯುಗಳ ಮೇಲೆ ಬೀಳಬೇಕಿದ್ದ ಹೊರೆಯನ್ನು ಈಗ ಹೃದಯ ಹೊರಬೇಕು: ಹೆಚ್ಚಿನ ಪ್ರಮಾಣದ ಪ್ರೊಪೊಫಾಲ್ ರಕ್ತದೊತ್ತಡವನ್ನು ಇಳಿಸುತ್ತದೆ, ರೆಮಿಫೆಂಟನಿಲ್ ನಾಡಿಯನ್ನು ನಿಧಾನಗೊಳಿಸುತ್ತದೆ. ವಯಸ್ಸಾದವರಿಗೆ, ರಕ್ತ ಕಳೆದುಕೊಂಡವರಿಗೆ ಇದು ತಕ್ಕ ದಾರಿಯಲ್ಲ. ಧ್ವನಿತಂತುಗಳು ಪೂರ್ತಿ ತೆರೆದುಕೊಳ್ಳದಿದ್ದರೆ ಟ್ಯೂಬ್ ಉಜ್ಜಿ ಗಾಯವಾಗಿ, ಧ್ವನಿ ಒಡೆಯುವುದೂ ಹೆಚ್ಚು. ಆದುದರಿಂದ ಇದನ್ನು ಎಲ್ಲರಿಗೂ ಬಳಸದೆ ಕಾರಣವಿದ್ದಾಗ ಮಾತ್ರ ಆಯ್ದುಕೊಳ್ಳುವುದೇ ಸರಿ. ಉದಾಹರಣೆಗೆ ಮಯಸ್ಥೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರಲ್ಲಿ ನರ ಮತ್ತು ಸ್ನಾಯುವಿನ ಸಂಪರ್ಕವೇ ಸೋತಿರುವುದರಿಂದ ಅಟ್ರಾಕ್ಯೂರಿಯಂ ಸ್ವಲ್ಪವೇ ಕೊಟ್ಟರೂ ಅತಿಯಾಗಬಹುದು.

ಇತಿಹಾಸ ನೋಡಿದರೆ, ಸಡಿಲಿಸುವ ಔಷಧಕ್ಕಿಂತ ಟ್ಯೂಬೇ ಹಿರಿಯದು. 1878ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ವಿಲಿಯಂ ಮೆಕ್ಯೂವೆನ್ ಎಚ್ಚರವಿದ್ದ ರೋಗಿಯ ಬಾಯೊಳಗೆ ಬೆರಳಿಟ್ಟು, ಅದರ ಆಸರೆಯಲ್ಲೇ ನಳಿಕೆಯನ್ನು ಶ್ವಾಸನಾಳಕ್ಕೆ ಇಳಿಸಿದರು. ದಕ್ಷಿಣ ಅಮೆರಿಕದ ಬಾಣದ ವಿಷವಾದ ಕ್ಯುರಾರೆಯನ್ನು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅರಿವಳಿಕೆಗೆ ತಂದದ್ದು 1942ರಲ್ಲಿ, ಅಂದರೆ 64 ವರ್ಷಗಳ ನಂತರ.

ಮೆಕ್ಯೂವೆನ್ನರ ಆ ದಾರಿ ಅಡಿಕೆ ಬೆಳೆಯುವ ತುಮಕೂರು ಜಿಲ್ಲೆಗೆ ದೂರದ ಮಾತೇನಲ್ಲ. ವರ್ಷಾನುಗಟ್ಟಲೆ ಅಡಿಕೆ, ಗುಟ್ಕಾ ಅಗಿದವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ಎರಡು ಬೆರಳಗಲವೂ ತೆರೆಯದೆ ಹೋಗಬಹುದು. ಔಷಧ ಸಡಿಲಿಸುವುದು ಸ್ನಾಯುವನ್ನೇ ಹೊರತು ಗಟ್ಟಿಯಾದ ಈ ನಾರನ್ನಲ್ಲ. ಅಂಥವರ ಸ್ವಂತ ಉಸಿರನ್ನು ಮೊದಲೇ ನಿಲ್ಲಿಸಿ, ಆಮೇಲೆ ದಾರಿ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಅವರನ್ನು ಎಚ್ಚರವಾಗಿಯೇ ಇರಿಸಿ, ಮೂಗು ಮತ್ತು ಗಂಟಲನ್ನು ಲಿಗ್ನೋಕೇನ್‌ನಿಂದ ಮರಗಟ್ಟಿಸಿ, ಬಳುಕುವ ಫೈಬರ್ ಆಪ್ಟಿಕ್ ಸ್ಕೋಪ್‌ನ ಮೇಲೆ ಟ್ಯೂಬನ್ನು ಮೂಗಿನ ಮೂಲಕ ಜಾರಿಸುತ್ತಾರೆ. ಟ್ಯೂಬ್ ಶ್ವಾಸನಾಳದಲ್ಲೇ ಇದೆ ಎಂದು ತೋರಿಸುವ ಇಂಗಾಲದ ಡೈಆಕ್ಸೈಡಿನ ಅಲೆ ಮಾನಿಟರಿನ ಪರದೆಯಲ್ಲಿ ಉಸಿರುಸಿರಿಗೂ ಮೂಡುವುದನ್ನು ಕಂಡ ಮೇಲಷ್ಟೇ ನಿದ್ದೆಯ ಔಷಧ ಕೊಡುತ್ತಾರೆ.