ನಮ್ಮ ಕಲಬುರಗಿ ಮಾತು ಬಿಡದೆ ಟಿವಿ ಉದ್ಘೋಷಕಿ ಆಗಬಹುದಾ?

ಡಿಗ್ರಿ ಓದುವ ಹುಡುಗಿಯರು ಈ ಪ್ರಶ್ನೆಯನ್ನು ಜಾಸ್ತಿ ಕೇಳುತ್ತಾರೆ. ಟಿವಿಯಲ್ಲಿ ಮಾತಾಡುವ ಆಸೆ ಇರುತ್ತದೆ. 'ಹ್ಯಾಂಗ', 'ಖರೆ' ಅಂದರೆ ಬೇರೆ ಕಡೆಯವರು ನಗುತ್ತಾರೆ ಅನ್ನುವ ಅಂಜಿಕೆಯೂ ಇರುತ್ತದೆ.

ಅಂಜಬೇಡಿ, ಆಗಬಹುದು. ಕರ್ನಾಟಕದಲ್ಲಿ ಟಿವಿ ಮೊದಲು ಬಂದಿದ್ದೇ ನಮ್ಮ ಕಡೆಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದರು. 'ಸೈಟ್' ಅಂತ ಆ ಪ್ರಯೋಗದ ಹೆಸರು. ನಮ್ಮ ರಾಜ್ಯದಿಂದ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ತಂತಿ ಜಾಲರಿಯ ದೊಡ್ಡ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ! ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ಬೇಸರ.

ಈಗ ಉಚ್ಚಾರಣೆಗೆ ಬರೋಣ. ಮಾತಿನ ಧಾಟಿ ಬೇರೆ, ಅಕ್ಷರ ಸ್ಪಷ್ಟವಾಗಿರುವುದು ಬೇರೆ. ಮನೆಯಲ್ಲಿ 'ಸಾಲಿ' ಅನ್ನಿ, ಅದು ನಮ್ಮ ಪದ. ಸ್ಕ್ರಿಪ್ಟಿನಲ್ಲಿ 'ಶಾಲೆ' ಅಂತ ಇದ್ದರೆ ಮಾತ್ರ ಶ ಕೇಳಿಸಲೇಬೇಕು. ಆಡಿಷನ್‌ನಲ್ಲಿ ಕಿವಿಗೊಡುವುದು ಇಂಥದಕ್ಕೇ: ಸ-ಶ, ಅ-ಹ, ಲ-ಳ, ಅಲ್ಪಪ್ರಾಣ-ಮಹಾಪ್ರಾಣ. 'ಹಾಲು' ಅನ್ನುವಲ್ಲಿ 'ಆಲು' ಅನ್ನುವವರು ಮೈಸೂರು ಕಡೆಯೂ ಇದ್ದಾರೆ, ಅಲ್ವಾ? ಉರ್ದು ಕೇಳುತ್ತಾ ಬೆಳೆದ ನಮ್ಮವರ ನಾಲಿಗೆಗೆ ಖ, ಫ ಸಲೀಸು. ಅದು ನಮ್ಮ ಬಲ.

ಕೆಲಸದ ಬಗ್ಗೆಯೂ ತಿಳಿದಿರಲಿ. ವಾರ್ತೆ ಓದುವವರು ಬೇರೆ, ಉದ್ಘೋಷಕರು ಬೇರೆ. ಮುಂದೆ ಯಾವ ಕಾರ್ಯಕ್ರಮ ಅಂತ ಹೇಳಿ, ಒಂದಕ್ಕೊಂದು ಕೊಂಡಿ ಹಾಕುವವರು ಉದ್ಘೋಷಕರು. ಟೇಪು ಕೈಕೊಟ್ಟರೆ ಗಾಬರಿಯಾಗದೆ ಆ ಹೊತ್ತು ತುಂಬಿಸುವವರೂ ಅವರೇ. ಈಗ ಖಾಸಗಿ ಚಾನೆಲ್‌ಗಳಲ್ಲಿ ಆ ಜಾಗಕ್ಕೆ ಪ್ರೋಮೋಗಳು ಬಂದಿವೆ. ಹಾಗಾಗಿ ಇಂದು ಸಿಗುವ ಕೆಲಸ ಹೆಚ್ಚಾಗಿ ನಿರೂಪಣೆ, ವಾರ್ತೆ, ಹಿನ್ನೆಲೆ ಧ್ವನಿ. ಆಕಾಶವಾಣಿಯ ಕ್ಯಾಷುಯಲ್ ಅನೌನ್ಸರ್ ಆಡಿಷನ್ ಕರೆದಾಗ ಅರ್ಜಿ ಹಾಕಿ. ಧ್ವನಿ ಪಳಗುವುದು ಅಲ್ಲೇ. ಆದರೆ ಅದು ಕಾಯಂ ನೌಕರಿಯಲ್ಲ, ಡ್ಯೂಟಿ ಮಾಡಿದಷ್ಟಕ್ಕೇ ಹಣ. ಕೈಯಲ್ಲಿರುವ ಕೆಲಸ ಬಿಟ್ಟು ಬರಬೇಡಿ.

ಇವತ್ತಿನಿಂದಲೇ ಶುರು ಮಾಡಿ. ಪತ್ರಿಕೆಯ ಒಂದು ಸುದ್ದಿ ತೆಗೆದುಕೊಳ್ಳಿ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್ಲಿನಿಂದ ಗೀಟು ಹಾಕಿ. ಅಂಕಿಗಳನ್ನು ಅಕ್ಷರದಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಓದುವಾಗ ತಡವರಿಸುತ್ತೀರಿ. ಜೋರಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಯ ಹಿರಿಯರಿಗೆ ಕೇಳಿಸಿ. ಅವರು 'ಏನಂದಿ?' ಅಂತ ಎಲ್ಲಿ ಕೇಳುತ್ತಾರೋ, ಆ ಸಾಲನ್ನು ಮತ್ತೆ ಓದಿ.